ಇಲ್ಲಿ ನಾಯಿ ಬಿಡಬಾರದು

ಬೆಳಗಿನ ಗಂಜಿಯ ಬಕೆಟ್ಟು ಹಿಡಿದು ವಿಹಾರದ ನಾಯಿದೊಡ್ಡಿಯ ಬಾಗಿಲು ತೆಗೆದ ಚಾತ್ರಿಗೆ ಮೊದಲು ಕಂಡದ್ದು ಒಂದು ಹೊಸ ನೈಲಾನ್ ಹಗ್ಗ. ಒಂದು ತುದಿಯನ್ನು ನಡುಗಂಬಕ್ಕೆ ಸುತ್ತಿ, ಜಪ್ಪಯ್ಯ ಅಂದರೂ ಬಿಚ್ಚದ ಹಾಗೆ ಗಂಟಿನ ಮೇಲೆ ಗಂಟು ಹಾಕಿದ್ದರು. ಇನ್ನೊಂದು ತುದಿಯಲ್ಲಿ ಹುಣಸೆಹಣ್ಣಿನ ಬಣ್ಣದ ನಾಯಿಯೊಂದು ಕೂತಿತ್ತು. ಮೈ ತೊಳೆದು, ಪೌಡರ್ ಹಚ್ಚಿ, ಕೂದಲು ಬಾಚಿ ಕಳಿಸಿದ ನಾಯಿ. ಮಗಳನ್ನು ಶಾಲೆಗೆ ಕಳಿಸುವಾಗ ತಾಯಿ ಮಾಡುವಂಥ ಸಿಂಗಾರ. ಚಾತ್ರಿಯನ್ನು ಕಂಡದ್ದೇ ಅದು ಎದ್ದು ನಿಂತು ಬಾಲ ಅಲ್ಲಾಡಿಸಿತು. ಅದರ ಮೂತಿ ಒದ್ದೆಯಾಗಿತ್ತು. ಪಕ್ಕದಲ್ಲಿದ್ದ ಕಲ್ಲಿನ ತೊಟ್ಟಿಯಲ್ಲಿ ನೀರು ಅರ್ಧ ಇಳಿದಿತ್ತು.

ಚಾತ್ರಿ ಬಕೆಟ್ಟನ್ನು ಅಲ್ಲೇ ಕೆಡವಿದ. ಗಂಜಿ ಅವನ ಕಾಲ ಮೇಲೆಲ್ಲ ಹರಿಯಿತು.

ಅದು ರೋಗದ ನಾಯಿಗಳ ತೊಟ್ಟಿ. ಯಾರೋ ಪುಣ್ಯವಂತರು ಬಾಳೆಹಣ್ಣಿನ ಡಬ್ಬದಲ್ಲಿ ಮರಿಗಳನ್ನು ತುಂಬಿ ಗೋಡೆಯ ಪಕ್ಕ ಇಟ್ಟುಹೋದ ದಿನದಿಂದ ದೊಡ್ಡಿಗೆ ಡಿಸ್ಟೆಂಪರ್ ಎಂಬ ನಾಯಿರೋಗ ಹೊಕ್ಕಿತ್ತು. ಮೊದಲು ಕಣ್ಣು ಪಿಸುರುಗಟ್ಟುತ್ತದೆ, ಮೂಗು ಸೋರುತ್ತದೆ. ಆಮೇಲೆ ಕೆಮ್ಮು. ಕೊನೆಗೆ ರೋಗ ಮೆದುಳಿಗೇರಿ ನಾಯಿ ನಿಂತಲ್ಲೇ ನಡುಗುತ್ತ ಬೀಳುತ್ತದೆ. ಮೇಕ್ಲೋಂಗ್ ಪೇಟೆಯ ಡಾಕ್ಟರ್ ಅಂಚಲಿ ಬಂದು ನೋಡಿ, ‘ಒಂದೇ ಒಂದು ಹೊಸ ನಾಯಿ ಇದರೊಳಗೆ ಕಾಲಿಡಕೂಡದು ಚಾತ್ರಿ, ಇಟ್ಟರೆ ಅದನ್ನ ನೀನೇ ಕೊಂದಂಗೆ’ ಎಂದು ಹೇಳಿಹೋಗಿದ್ದಳು. ಅದಕ್ಕೇ ಚಾತ್ರಿ ಹಲಗೆ ಹುಡುಕಿ, ಕೆಂಪು ಬಣ್ಣ ತಂದು, ತನ್ನ ಕೈಯಿಂದಲೇ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಹೊಡೆದಿದ್ದ: ಇಲ್ಲಿ ನಾಯಿ ಬಿಡಬಾರದು.

ಆ ಸೀಮೆಯಲ್ಲಿ ಬಿಡುವುದು ಅನ್ನುವುದು ಬಹಳ ಪುಣ್ಯದ ಮಾತು. ಹುಟ್ಟಿದ ದಿನಕ್ಕೆ ಗುಬ್ಬಿ ಬಿಡುತ್ತಾರೆ. ಅದೇ ಗುಬ್ಬಿಗಳನ್ನು ಗದ್ದೆಯಲ್ಲಿ ಬಲೆಹಾಕಿ ಹಿಡಿದು ತಂದವನು ವಿಹಾರದ ಬಾಗಿಲಲ್ಲೇ ಪಂಜರ ಇಟ್ಟುಕೊಂಡು ಕೂತಿರುತ್ತಾನೆ. ಆಪರೇಷನ್‌ಗೆ ಮುಂಚೆ ಆಮೆ ಬಿಡುತ್ತಾರೆ. ವ್ಯಾಪಾರ ನುಣ್ಣಗೆ ಸಾಗಲಿ ಅಂತ ಹಾವುಮೀನು ಬಿಡುತ್ತಾರೆ. ಮನೆ ಬದಲಿಸಿದಾಗ, ಸೊಸೆ ಬಸುರಾದಾಗ, ನಾಯಿಗೆ ವಯಸ್ಸಾದಾಗ, ನಾಯಿ ಬಿಡುತ್ತಾರೆ. ಎಲ್ಲಕ್ಕೂ ಒಂದೇ ಮಾತು, ಒಂದೇ ಮುಖ, ಒಂದೇ ಊದುಬತ್ತಿ. ನಾಯಿಯ ಮುಂದೆ ಮೊಣಕಾಲೂರಿ ಕೈಮುಗಿದು, ‘ಹೋದ ಜನ್ಮದ ಋಣ ಇಲ್ಲಿಗೆ ಮುಗೀತು, ನಮ್ಮ ಮೇಲೆ ಕೋಪ ಇಟ್ಕೋಬೇಡ, ಕ್ಷಮಿಸಿಬಿಡು’ ಅನ್ನುತ್ತಾರೆ. ನಾಯಿಗೇನು ಗೊತ್ತು? ಯಜಮಾನ ತನ್ನ ಮಟ್ಟಕ್ಕೆ ಬಗ್ಗಿ ಮಾತಾಡಿಸಿದನಲ್ಲ ಎಂಬ ಖುಷಿಗೆ ಬಾಲ ಅಲ್ಲಾಡಿಸುತ್ತದೆ. ಕ್ಷಮಿಸಿತು ಅಂದುಕೊಂಡು ಇವರು ಕಾರು ಹತ್ತುತ್ತಾರೆ. ಕಾರಿನ ಹಿಂದೆ ಅದು ಕಾಲುವೆಯ ಸೇತುವೆ ತನಕ ಓಡುವುದನ್ನು ನೋಡುವವನು ಚಾತ್ರಿ ಒಬ್ಬನೇ.

ಚಾತ್ರಿ ತನ್ನ ಅಜ್ಜಿಗೆ ಸದ್ಗತಿಯಾಗಲಿ ಅಂತ ಒಂದು ಮಳೆಗಾಲದ ಮಟ್ಟಿಗೆ ಕಾವಿ ತೊಟ್ಟು ಈ ವಿಹಾರಕ್ಕೆ ಬಂದವನು. ಕಾವಿ ಬಿಚ್ಚಿದ ಮೇಲೂ ಮನೆಗೆ ಹೋಗಲಿಲ್ಲ. ಐಸ್ ಫ್ಯಾಕ್ಟರಿಯ ಗೆಳೆಯರು ‘ಏನೋ ನಾಯಿಗುರು, ನಿರ್ವಾಣ ಸಿಕ್ತಾ, ಬರೀ ಚಿಗಟ ಸಿಕ್ತಾ?’ ಎಂದು ಕಿಚಾಯಿಸುತ್ತಿದ್ದರು. ಇಪ್ಪತ್ತಾರರ ಹುಡುಗ ಮದುವೆ ಬಿಟ್ಟು ನಾಯಿ ಕಾಯುತ್ತಾನೆಂದರೆ ಊರಿಗೆ ನಗೆಯಲ್ಲದೆ ಮತ್ತೇನು. ಅವನ ಬೇಡಿಕೆ ದೊಡ್ಡದೇನೂ ಇರಲಿಲ್ಲ. ಇರುವ ನಾಯಿಗಳಿಗೆ ಮೊದಲು ಮರಿಯಾಗದ ಆಪರೇಷನ್ ಆಗಲಿ, ಹೊಸದಾಗಿ ಬಂದದ್ದನ್ನು ಬೇರೆ ಇಟ್ಟು ನೋಡಲು ಒಂದು ಕೋಣೆ ಇರಲಿ, ಅಲ್ಲಿಯತನಕ ಬಾಗಿಲು ಮುಚ್ಚಿರಲಿ. ವಿಹಾರದ ಕಮಿಟಿಯವರು ತಲೆಯಾಡಿಸಿ ಕೇಳಿಸಿಕೊಂಡು, ದೊಡ್ಡಿಯ ಮುಂದೆ ಬಂಗಾರದ ಬಣ್ಣದ ಕಮಾನು ಕಟ್ಟಿಸಿದರು. ಕಮಾನಿನ ತುಂಬ ದಾನಿಗಳ ಹೆಸರು. ಒಳಗೆ ನೆಲಕ್ಕೆ ಸಿಮೆಂಟೂ ಇಲ್ಲ.

ಅವನು ಗಂಟು ಬಿಚ್ಚಲಾಗದೆ ಚಾಕುವಿನಿಂದ ಹಗ್ಗ ಕೊಯ್ಯುತ್ತಿದ್ದಾಗ ಹೊರಗೆ ಮೋಟರ್‌ಸೈಕಲ್ ನಿಂತಿತು. ಭಿಕ್ಷುಗಳಿಗೆ ಊಟದ ಕ್ಯಾರಿಯರ್ ತಂದ ಒಬ್ಬ ಮುದುಕ ಕಮಾನಿನ ಕೆಳಗಿಂದ ಕತ್ತು ಉದ್ದ ಮಾಡಿ ಇಣುಕಿದ.

“ಊಟ ಮಾಡ್ತೇನಪ್ಪಾ ನಮ್ ಮಖಾಮು?”

ನಾಯಿ ಹುಚ್ಚೆದ್ದು ಕುಣಿಯಿತು. ಮಖಾಮ್ ಅಂದರೆ ಹುಣಸೆ. ಹೆಸರಿಟ್ಟವನು ಇವನೇ ಎಂದು ಚಾತ್ರಿಗೆ ಹೇಳಬೇಕಾಗಲಿಲ್ಲ.

“ನಿಮ್ದಾ ಇದು?”

“ನಮ್ದೇ. ಅಂದ್ರೆ... ನಿನ್ನೆ ಸಂಜೆ ಗಂಟ ನಮ್ದು.” ಮುದುಕ ನಕ್ಕ. ಹೆಸರು ತವೀ, ಹೊಸ ಬಡಾವಣೆಯ ಸಾಲುಮನೆಯವನು, ಮೊದಲು ತೆಂಗಿನ ತೋಟದಲ್ಲಿ ಇದ್ದವನು. “ನೀನು ಪೇಟೆಗೆ ಹೋಗಿದ್ಯಂತೆ, ಇರ್ಲಿಲ್ಲ. ಊಟ ಮಾಡ್ತಾ?”

“ಲುಂಗ್, ಬಾಗ್ಲಲ್ಲಿ ಬೋರ್ಡು ಕಾಣ್ಲಿಲ್ವಾ?” ಲುಂಗ್ ಅಂದರೆ ದೊಡ್ಡಪ್ಪ. ಬಾಯಲ್ಲಿ ಆ ಮರ್ಯಾದೆ ಇತ್ತು, ದನಿಯಲ್ಲಿ ಇರಲಿಲ್ಲ.

“ಕಾಣ್ದೆ ಏನಪ್ಪಾ! ಇಷ್ಟು ದೊಡ್ಡದಾಗಿ ಬರ್ದಿದ್ದೀಯ. ನಮ್ಮನೆಯವಳು ಅಂಗಳದಲ್ಲೇ ಬಿಟ್ಟು ಹೋಗಣ ಅಂದ್ಲು. ನಾನೇ ಬೈದೆ. ಕಣ್ಣು ಕಾಣಲ್ವೇನೆ, ಬಿಡಬಾರದು ಅಂತ ಹಾಕವ್ರೆ, ಬಿಟ್ರೆ ಭಿಕ್ಷುಗಳ ಮೇಲೆ ಹಾರಲ್ವೇನೆ ಅಂದೆ. ಅದಕ್ಕೇ ಒಳಗೆ ತಂದು ಕಟ್ಟಿದೆ. ಬಾಗ್ಲ ಚಿಲಕಾನೂ ಹಾಕ್ದೆ. ಗಂಟು ನೋಡು, ದೋಣಿ ಕಟ್ಟೋ ಗಂಟು. ಆನೆ ಎಳೆದ್ರೂ ಬಿಚ್ಚಲ್ಲ.”

ಚಾತ್ರಿಯ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು.

“ಬಿಡಬಾರದು ಅಂದ್ರೆ... ಬಿಡಬಾರದು ಅಂತ ಲುಂಗ್. ಬಿಟ್ಟು ಹೋಗ್ಬಾರದು ಅಂತ!”

“ಅದನ್ನೇ ಅಲ್ವೇನಪ್ಪ ನಾನೂ ಹೇಳ್ತಿರೋದು?” ತವೀಯ ಮುಖದಲ್ಲಿ ನಿಜವಾದ ಗೊಂದಲವಿತ್ತು. “ನಾವು ಬಿಡ್ಲೇ ಇಲ್ವಲ್ಲ.”

ಯಾರ ಮೇಲೆ ಕೂಗಬೇಕು? ಬೋರ್ಡು ಓದದೆ ಬಿಟ್ಟುಹೋಗಿದ್ದರೆ ಅದು ಅಂಗಳದಲ್ಲಿ ಅಲೆದುಕೊಂಡು ಗಟ್ಟಿಯಾಗಿ ಇರುತ್ತಿತ್ತು. ಓದಿದ್ದಕ್ಕೇ ಅದು ರೋಗದ ನಡುಮಧ್ಯೆ ರಾತ್ರಿಯಿಡೀ ಕಟ್ಟಿಹಾಕಿಸಿಕೊಂಡಿತು. ಚಾತ್ರಿಗೆ ತನ್ನ ಕೈಯ ಅಕ್ಷರಗಳ ಮೇಲೇ ಉಗಿಯಬೇಕೆನಿಸಿತು.

ಫೋನಿನಲ್ಲಿ ಡಾಕ್ಟರ್ ಅಂಚಲಿ ಸುತ್ತುಬಳಸಲಿಲ್ಲ. “ಹಿಂದೆ ಲಸಿಕೆ ಹಾಕ್ಸಿದ್ರಂತಾ? ಇಲ್ವಾ? ಆ ನೀರೇ ಕುಡೀತಾ? ಈಗ್ಲೇ ಕರ್ಕೊಂಡು ಬಾ, ಸೂಜಿ ಚುಚ್ತೀನಿ. ತಡ ಆಗಿರಬಹುದು, ಆಗ್ದೇನೂ ಇರಬಹುದು. ಆದ್ರೆ ಅಲ್ಲಿ ವಾಪಸ್ ಇಟ್ರೆ ಸಾಯುತ್ತೆ, ಅದು ಖಂಡಿತ. ಅದು ಮನೇಲಿ ಬೆಳೆದ ನಾಯಿ. ಮನೇಲಿ ಒಂದು ಮೂಲೇಲಿ ಬೆಚ್ಚಗಿಟ್ಟು, ಅದರ ಜನವೇ ಕೈಯಲ್ಲಿ ತಿನ್ಸಿದ್ರೆ, ಕಣ್ಣು ಮೂಗು ಸ್ವಲ್ಪ ಸೋರಿದ ತಕ್ಷಣ ನಂಗೆ ಹೇಳಿದ್ರೆ, ಬದುಕೋ ದಾರಿ ಇದೆ. ಬೇರೆ ನಾಯಿ ಹತ್ರ ಬರಬಾರದು ಅಷ್ಟೆ. ಮನೆಯವರು ಒಪ್ತಾರಾ ಕೇಳು.”

ಅಷ್ಟೇ ವಿಷಯ. ಮನೆ ಸಿಕ್ಕರೆ ಮಖಾಮ್ ಬದುಕಬಹುದು. ಸಿಗದಿದ್ದರೆ ಇಲ್ಲ.

ತವೀ ನೆಲ ನೋಡಿದ. “ನಂದೇನಪ್ಪಾ, ನಂಗೆ ಆಸೆನೇ. ನಮ್ಮನೆಯವಳು ಲಮೈ ಒಪ್ಬೇಕಲ್ಲ.”

ನಾಯಿಗೆ ಸೂಜಿ ಹಾಕಿಸಿಕೊಂಡು ಸಾಲುಮನೆಗೆ ಹೋದಾಗ ಲಮೈ ಬಾಗಿಲಲ್ಲೇ ಕೂತು ತೆಂಗಿನಬೆಲ್ಲದ ಮಿಠಾಯಿ ಕಟ್ಟುತ್ತಿದ್ದಳು. ಕನ್ನಡಿಯಂಥ ಬಿಳಿ ಟೈಲ್ಸ್ ನೆಲ, ಗೋಡೆಯ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ನಾಯಿಯನ್ನು ಕಂಡವಳೇ ಕಾಲು ಮೇಲೆತ್ತಿ ಸ್ಟೂಲಿನ ಮೇಲಿಟ್ಟುಕೊಂಡಳು.

“ಅಯ್ಯಯ್ಯೋ, ಅದನ್ಯಾಕೋ ತಂದೆ? ಅದು ವಿಹಾರದ್ದು!”

“ಪಾ, ನಿನ್ನೆ ಗಂಟ ನಿಮ್ದೇ ನಾಯಿ ಇದು.” ದೊಡ್ಡಮ್ಮ ಅನ್ನುವಂತೆ ಅಲ್ಲಿ ಪಾ ಅನ್ನುತ್ತಾರೆ.

“ನಿನ್ನೆ ಗಂಟ. ಇವತ್ತು ವಿಹಾರದ್ದು. ಊದುಬತ್ತಿ ಹಚ್ಚಿ, ಕ್ಷಮೆ ಕೇಳಿ ಕೊಟ್ಟಿದ್ದೀವಿ. ಅದೂ ಬಾಲ ಆಡಿಸ್ತು. ಭಿಕ್ಷಾಪಾತ್ರೆಗೆ ಹಾಕಿದ ಅನ್ನಾನ ಮಾರನೆ ದಿನ ವಾಪಸ್ ಇಸ್ಕೊಂಡು ಉಣ್ತಾರೇನೋ?”

“ಅಲ್ಲಿದ್ರೆ ಸಾಯುತ್ತೆ ಪಾ.”

“ಆ ಮಾತು ಆಡ್ಬೇಡ. ಪುಣ್ಯದ ಜಾಗದಲ್ಲಿ ಯಾವ್ದಪ್ಪಾ ಸಾಯೋದು? ನೋಡು ಮಗ, ವಿಹಾರಕ್ಕೆ ಹೋಗಿ ಬರ್ತಾ ಕಾಲಿಗೆ ಅಂಟ್ಕೊಂಡ ಮಣ್ಣು ನಮ್ ಮನೆಗೆ ಬಂದ್ರೂ ಅದು ಕಳ್ಳತನ ಅಂತ ವರ್ಷಕ್ಕೊಂದ್ಸಲ ಮರಳು ಹೊತ್ಕೊಂಡು ಹೋಗಿ ಸುರಿದು ಬರ್ತೀವಿ. ನೀನು ನಾಲ್ಕು ಕಾಲಿನ ಜೀವಾನೇ ಕದ್ದು ತಂದಿದ್ದೀಯಲ್ಲೋ! ಬಾ ಕೂತ್ಕೋ, ಮಿಠಾಯಿ ತಿನ್ನು.”

ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ಮಿಠಾಯಿಯ ತಟ್ಟೆ ಮುಂದೆ ತಳ್ಳಿದಳು, ತಣ್ಣೀರು ಕೊಟ್ಟಳು, ‘ಎಷ್ಟು ಸೊರಗಿದ್ದೀಯೋ’ ಅಂದಳು. ಮಖಾಮ್ ಅಷ್ಟರಲ್ಲಿ ಹಗ್ಗ ಎಳೆದುಕೊಂಡು ಹೋಗಿ, ಕಲ್ಲುಬೆಂಚಿನ ಕೆಳಗೆ ತನ್ನ ಜಾಗದಲ್ಲಿ ಸುರುಳಿ ಸುತ್ತಿ ಮಲಗಿಬಿಟ್ಟಿತ್ತು. ಉಗುರು ತಾಕಿದ ಕಡೆ ಟೈಲ್ಸ್ ಮೇಲೆ ಗೀರು ಬಿದ್ದಿತ್ತು. ಲಮೈ ನೋಡಿದ್ದು ನಾಯಿಯನ್ನಲ್ಲ, ಆ ಗೀರನ್ನು.

“ಇದಕ್ಕೇ ತಾನೆ ಪಾ?” ಚಾತ್ರಿ ಗೀರಿನ ಕಡೆ ಬೆರಳು ತೋರಿಸಿದ. “ನೆಲಕ್ಕೋಸ್ಕರ ತಾನೆ?”

ಲಮೈಯ ಮುಖ ಕೆಂಪಾಯಿತು. “ಸೊಸೆ ಮಗು ಎತ್ಕೊಂಡು ಬರ್ತಾಳೆ ಬ್ಯಾಂಕಾಕಿಂದ. ನಿಂಗೇನು ಗೊತ್ತು ಸಂಸಾರ. ಲುವಾಂಗ್ ಪೊ ತಮ್ಮ ಕೈಯಾರೆ ಕೊಟ್ರೆ ಇಟ್ಕೋತೀನಿ. ಆಗ ಅದು ಕಳವಲ್ಲ, ಪ್ರಸಾದ. ಹೋಗು, ಕೊಡಿಸು ನೋಡಣ.”

ಆಗದ ಕೆಲಸ ಅಂತಲೇ ಅವಳು ಹಾಗಂದದ್ದು. ಲುವಾಂಗ್ ಪೊ ಎಂದು ಊರೆಲ್ಲ ಕರೆಯುವ ಹಿರಿಯ ಭಿಕ್ಷು ಕಾಲುವೆಯ ಕಡೆಗಿನ ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಚಾತ್ರಿ ನೆಲಮುಟ್ಟಿ ನಮಸ್ಕರಿಸಿ, ಏಳುವ ಮೊದಲೇ ಎಲ್ಲ ಒದರಿದ.

“ವಾಪಸ್ ಕೊಡೋಕೇನೋ ನಂಗೆ ಬರುತ್ತೆ” ಎಂದರು ಅವರು. “ಇಸ್ಕೊಳ್ಳೋಕೆ ಅವರಿಗೆ ಬರ್ಬೇಕಲ್ಲ.”

“ನೀವು ಕೊಟ್ರೆ ಬರುತ್ತಂತೆ.”

“ಹಂಗಂದ್ಲಾ?” ನಕ್ಕರು. “ಎಲ್ಲಾ ನಾಯೀನೂ ಹಿಂಗೇ ಒಂದೊಂದಾಗಿ ವಾಪಸ್ ಕೊಡ್ತಾ ಕೂರ್ಲೇನೋ ನಾನು?”

“ಬೇಡ, ಬಾಗ್ಲು ಹಾಕಿ. ಇನ್ಮೇಲೆ ಯಾರೂ ತರಬಾರದು ಅಂತ ಒಂದು ಮಾತು ಹಬ್ಬದ ದಿನ ಮೈಕಲ್ಲಿ ಹೇಳಿ.”

“ಬಾಗ್ಲು ಹಾಕಿದ ವಿಹಾರಾನ ಏನಂತಾರೋ? ಗೋಡೌನು ಅಂತಾರೆ.”

“ಬಾಗ್ಲು ತೆಗೆದಿಟ್ಟು ಒಳಗೆ ಸಾಯ್ಸೋದನ್ನ ಏನಂತಾರೆ ಲುವಾಂಗ್ ಪೊ?”

ಎಣ್ಣೆ ತಿಕ್ಕುವ ಕೈ ನಿಂತಿತು. ಹಾಗೆ ಅವರ ಮುಂದೆ ಯಾರೂ ಮಾತಾಡುತ್ತಿರಲಿಲ್ಲ. ಅವರು ಎಣ್ಣೆ ಶೀಶೆಯ ಮುಚ್ಚಳ ಹಾಕಿದರು. ಮೈಕಿನ ಮಾತು ಎತ್ತಲೇ ಇಲ್ಲ. “ತಗೊಂಡು ಬಾ ಆ ನಾಯೀನ” ಎಂದಷ್ಟೇ ಅಂದರು. ಕಷ್ಟದ ಕೆಲಸ ಬಿಟ್ಟು ಸುಲಭದ್ದನ್ನು ಆರಿಸಿಕೊಂಡರು. ದೊಡ್ಡವರಾದದ್ದೇ ಹಾಗೆ.

ಸಂಜೆ ಲಮೈ, ತವೀ ಇಬ್ಬರೂ ಬಿಳಿ ಬಟ್ಟೆ ಉಟ್ಟು ಬಂದರು. ಭಿಕ್ಷು ಮಂತ್ರ ಹೇಳಿ, ನೀರು ಚಿಮುಕಿಸಿ, ಮಖಾಮನ ಕತ್ತಿಗೆ ಬಿಳಿ ನೂಲು ಕಟ್ಟಿ, ‘ವಿಹಾರ ಇದನ್ನು ನಿಮಗೆ ಕೊಟ್ಟಿದೆ’ ಎಂದರು. ನೀರು ಮೂಗಿಗೆ ಬಿದ್ದು ನಾಯಿ ಸೀನಿತು. ನೋಡುತ್ತಿದ್ದವರೆಲ್ಲ ಸಾಧು ಸಾಧು ಅಂದರು. ಚಾತ್ರಿಯ ಎದೆಯ ಮೇಲಿದ್ದ ಕಲ್ಲು ಅಂದು ಇಳಿಯಿತು. ಡಾಕ್ಟರ್ ಹೇಳಿದ್ದನ್ನೆಲ್ಲ ತವೀಗೆ ಎರಡೆರಡು ಸಲ ಹೇಳಿ ಒಪ್ಪಿಸಿದ. ಮೂಲೇಲಿ ಇಡಿ. ಜನ, ಬೇರೆ ನಾಯಿ ಸೇರಿಸಬೇಡಿ. ಕಣ್ಣು ಮೂಗು ನೋಡ್ತಾ ಇರಿ. ಏನಾದರೂ ಕಂಡರೆ ಫೋನ್ ಮಾಡಿ.

“ಮಾಡ್ತೀನಪ್ಪಾ, ಮಾಡ್ತೀನಿ” ಎಂದ ತವೀ. ಅವನಿಗೆ ಮಾಡುವ ಮನಸ್ಸೂ ಇತ್ತು.

ಆಮೇಲಿನ ದಿನಗಳಲ್ಲಿ ದೊಡ್ಡಿಯಲ್ಲಿ ಚಾತ್ರಿಗೆ ತಲೆ ಎತ್ತಲು ಬಿಡುವಿರಲಿಲ್ಲ. ಬೆಳಿಗ್ಗೆ ಎದ್ದರೆ ಒಂದನ್ನು ಹೂಳಬೇಕು, ಇನ್ನೊಂದರ ಬಾಯಿಗೆ ಔಷಧಿ ಸುರಿಯಬೇಕು. ಒಂದೆರಡು ಸಲ ಫೋನ್ ಮಾಡಿದಾಗ ಲಮೈಯೇ ಎತ್ತಿ, “ಚೆನ್ನಾಗಿದೆಯಪ್ಪಾ, ದೇವರಂಗೆ ಇದೆ” ಅಂದಳು. ಅವನು ನಂಬಿದ. ಸತ್ತವುಗಳ ನಡುವೆ ಕೂತವನಿಗೆ ಎಲ್ಲೋ ಒಂದು ಬದುಕಿದೆ ಎಂದು ನಂಬುವ ಆಸೆ ಇರುತ್ತದೆ.

ಒಂದು ಮಧ್ಯಾಹ್ನ ಪೇಟೆಯಲ್ಲಿ ಐಸ್ ಫ್ಯಾಕ್ಟರಿಯ ಗೆಳೆಯನೊಬ್ಬ ಅವನ ಬೆನ್ನಿಗೆ ಗುದ್ದಿದ. “ಏ ನಾಯಿಗುರು! ನಿನ್ ಶಿಷ್ಯ ಭಾರಿ ಫೇಮಸ್ಸು. ಸಾಲುಮನೇಲಿ ಲಾಟರಿ ನಂಬರು ಕೊಡ್ತಿದೆ. ನಮ್ಮತ್ತೆಗೆ ಹೊಡೀತು ಕಣೋ.”

“ಏನು?”

“ಅದೇ, ಪ್ರಸಾದದ ನಾಯಿ. ಹಣೆಗೆ ಪೌಡರ್ ತಿಕ್ಕಿದ್ರೆ ನಂಬರು ಕಾಣುತ್ತಂತೆ. ಈಗಂತೂ ಬಾಯಲ್ಲಿ ಮಂತ್ರ ಬೇರೆ ಹೇಳ್ತದಂತೆ.”

ಮಂತ್ರ ಅನ್ನುವ ಮಾತು ಕೇಳಿದ್ದೇ ಚಾತ್ರಿಗೆ ದೊಡ್ಡಿಯಲ್ಲಿ ನಡುಗುತ್ತ ಸತ್ತ ನಾಯಿಗಳ ದವಡೆ ನೆನಪಾಯಿತು. ಗೆಳೆಯ ಇನ್ನೂ ನಗುತ್ತಿದ್ದಂತೆಯೇ ಅವನು ಗಾಡಿ ತಿರುಗಿಸಿದ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಕಾರು ನಿಲ್ಲಿಸುವ ಜಾಗದಲ್ಲಿ ಕೆಂಪು ಮೆತ್ತೆ ಹಾಕಿ ಮಖಾಮನನ್ನು ಕೂರಿಸಿದ್ದರು. ಕತ್ತಿನಲ್ಲಿ ಮಲ್ಲಿಗೆ ಹಾರ, ಮುಂದೆ ಕೆಂಪು ಶರಬತ್ತಿನ ಬಾಟಲಿ, ಬೇಯಿಸಿದ ಮೊಟ್ಟೆ. ಕಣ್ಣುಗಳಿಂದ ಹಳದಿ ಕೀವು ಇಳಿದು ಕೆನ್ನೆಯ ಕೂದಲು ಹುರಿಗಟ್ಟಿತ್ತು. ಕೆಳದವಡೆ ಒಂದೇ ಸಮನೆ ಟಕಟಕ ಆಡುತ್ತಿತ್ತು, ಏನೂ ಇಲ್ಲದ್ದನ್ನು ಅಗಿಯುತ್ತಿರುವ ಹಾಗೆ. ಬಾಯಂಚಿನಲ್ಲಿ ನೊರೆ. ಮುಂದೆ ಕೂತ ಇಬ್ಬರು ಹೆಂಗಸರು ಕೈಮುಗಿದು, ಮೊಬೈಲು ಹಿಡಿದು, ಆ ದವಡೆಯ ಲೆಕ್ಕ ಹಾಕುತ್ತಿದ್ದರು.

“ಬಾರೋ ಮಗ, ಬಾ!” ಲಮೈಯ ಕಣ್ಣಲ್ಲಿ ನೀರಿತ್ತು. “ನೋಡು, ಎಷ್ಟು ದಿನದಿಂದ ಅಳ್ತಾ ಇದೆ. ಹೋದ ಜನ್ಮದ ಋಣ ನೆನೆಸ್ಕೊಂಡು ಅಳ್ತಿದೆ. ನಿನ್ನೆಯಿಂದ ಮಂತ್ರಾನೂ ಶುರು ಮಾಡಿದೆ. ಲುವಾಂಗ್ ಪೊ ಅವತ್ತು ಹೇಳಿದ್ದೇ ಮಂತ್ರ. ಅಂಥಾದ್ದನ್ನ ನಾನು ನೆಲದ ಗೀರಿಗೋಸ್ಕರ ಬಿಟ್ಟಿದ್ನಲ್ಲೋ, ನಾನೆಂಥ ಪಾಪಿ!”

ಚಾತ್ರಿ ಶರಬತ್ತಿನ ಬಾಟಲಿಯನ್ನು ಒದ್ದ. ಅದು ಬಿಳಿ ಟೈಲ್ಸ್ ಮೇಲೆ ಉರುಳಿ ಕೆಂಪಗೆ ಚೆಲ್ಲಿತು.

“ಮಂತ್ರ ಅಲ್ಲ ಪಾ ಇದು! ಸಾಯ್ತಿದೆ! ರೋಗ ತಲೆಗೇರಿ ದವಡೆ ನಡುಗ್ತಿದೆ! ಕಣ್ಣೀರಲ್ಲ ಇದು, ಕೀವು! ಕೀವು!”

ಹೆಂಗಸರು ಚಪ್ಪಲಿಯ ಕಡೆ ಸರಿದರು. ತವೀ ಕಂಬಕ್ಕೆ ಒರಗಿ ನಿಂತಿದ್ದ. ಚಾತ್ರಿ ಅವನ ಕಡೆ ತಿರುಗಿದ.

“ನೀವು ನೋಡ್ತಾ ಇದ್ರಿ.”

“ಫೋನ್ ಮಾಡಣ ಅಂದೆ ಕಣಪ್ಪ ನಾನು. ಮೊದಲ ದಿನಾನೇ ಅಂದೆ. ಇವಳು, ಇವರು... ಜನ ಇಷ್ಟು ಭಕ್ತಿಯಿಂದ ಬರ್ತಾರಲ್ಲ. ಹೆಂಗೆ ಹೇಳೋದು?”

ಆಗಲೇ ನಾಯಿ ಮೆತ್ತೆಯಿಂದ ಉರುಳಿಬಿತ್ತು. ನಾಲ್ಕೂ ಕಾಲು ಗಾಳಿಯಲ್ಲಿ ಓಡತೊಡಗಿದವು. ಓಡುತ್ತಿದೆ, ಓಡುತ್ತಿದೆ, ಎಲ್ಲಿಗೂ ಹೋಗುತ್ತಿಲ್ಲ. ಮಲ್ಲಿಗೆ ಹಾರ ಹರಿದು ಹೂವು ಶರಬತ್ತಿನಲ್ಲಿ ಬಿದ್ದವು. ಲಮೈ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಳಗೆ ಹೋದಳು. ಚಾತ್ರಿ ಅದನ್ನು ಎತ್ತಿ ತವೀಯ ಮೋಟರ್‌ಸೈಕಲ್ಲಿನ ಪಕ್ಕಕ್ಕೆ ಜೋಡಿಸಿದ ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಹಾಕಿಕೊಂಡು, “ಓಡ್ಸಿ” ಎಂದ.

ಡಾಕ್ಟರ್ ಅಂಚಲಿ ಮೇಜಿನ ಮೇಲೆ ಅದನ್ನು ಮುಟ್ಟಿ ನೋಡಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಬೆಳಕು ಆರಿಸಿದಳು. ಒಂದು ಸುತ್ತು ನಡುಕ ನಿಂತು ಇನ್ನೊಂದು ಶುರುವಾಗುವ ನಡುವೆ ಮಖಾಮ್ ಕೀರಲು ದನಿಯಲ್ಲಿ ಅಳುತ್ತಿತ್ತು.

“ಮುಗೀತು ಚಾತ್ರಿ. ಮೊದಲ ವಾರ ತಂದಿದ್ರೆ ನೋಡಬಹುದಿತ್ತು. ಇನ್ನು ಹಿಂಗೇ ಬಿಟ್ರೆ ಎರಡು ಮೂರು ದಿನ ನರಳಿ ನರಳಿ ಹೋಗುತ್ತೆ. ಬೇಡ ಅಂದ್ರೆ ಒಂದು ಇಂಜೆಕ್ಷನ್ ಇದೆ. ಮಲಗಿದಂಗೆ ಹೋಗುತ್ತೆ. ಆದ್ರೆ ಮಾಲೀಕರು ಹೇಳ್ಬೇಕು. ಯಾರದು ನಾಯಿ?”

ಚಾತ್ರಿ ತವೀಯನ್ನು ನೋಡಿದ. ತವೀ ಜೇಬಿನಿಂದ ಫೋನ್ ತೆಗೆದ. “ಕೊಲ್ಲೋದಾ...? ಅಯ್ಯೋ. ಲಮೈಯ ಒಂದು ಮಾತು ಕೇಳ್ತೀನಿ.” ಫೋನ್ ಹಚ್ಚಿದ. ಲಮೈಯ ಕಿರುಚು ಆಚೆಗೂ ಕೇಳಿಸಿತು. “ಪ್ರಸಾದದ ಜೀವ ತೆಗೆಯೋದಾ? ನಮ್ ಮೊಮ್ಮಗು ಮನೆಗೆ ಬರೋ ಹೊತ್ತಲ್ಲಿ? ನಮ್ಮ ಹೆಸರು ಎತ್ತಬೇಡಿ. ಅದು ವಿಹಾರದ್ದು, ಲುವಾಂಗ್ ಪೊನ ಕೇಳಿ!”

ಲುವಾಂಗ್ ಪೊಗೆ ಚಾತ್ರಿಯೇ ಫೋನ್ ಮಾಡಿದ. ಆ ಕಡೆಯಿಂದ ನಿಟ್ಟುಸಿರು ಬಂತು. “ಜೀವ ತೆಗಿ ಅನ್ನೋ ಮಾತು ನನ್ ಬಾಯಿಂದ ಹೊರಡಬಾರದು ಮಗ, ನಿಂಗೂ ಗೊತ್ತು. ಅಲ್ದೆ ಅದನ್ನ ಅವರಿಗೆ ಕೊಟ್ಟಾಯ್ತಲ್ಲ. ಅವರದ್ದು.”

ಕೊಟ್ಟವರು ಕೊಟ್ಟಾಯಿತು. ಇಸ್ಕೊಂಡವರು ಇಸ್ಕೊಂಡಿಲ್ಲ. ಪುಣ್ಯಕ್ಕೆ ಎಲ್ಲರದೂ ಆಗಿದ್ದ ನಾಯಿ, ನಂಬರಿಗೆ ಬೀದಿಯದೆಲ್ಲ ಆಗಿದ್ದ ನಾಯಿ, ಈ ಮೇಜಿನ ಮೇಲೆ ಯಾರದೂ ಆಗಿರಲಿಲ್ಲ. ಮಖಾಮನ ಕಾಲುಗಳು ಮತ್ತೆ ಓಡಲು ಶುರುಮಾಡಿದವು.

“ನಂದು” ಎಂದ ಚಾತ್ರಿ.

ಡಾಕ್ಟರ್ ಅವನ ಮುಖ ನೋಡಿದಳು. “ಸುಮ್ನೆ ಅನ್ಬೇಡ. ನಿಂದು ಅಂದ್ರೆ ನಿಂದೇ ಆಗುತ್ತೆ. ಪಾಪಗೀಪ ಅಂತ ನಿಮ್ಮೋರು ಏನೇನು ಅಂತಾರೋ, ಅದೂ ನಿಂದೇ.”

“ಅದನ್ನೇ ಹೇಳ್ತಿರೋದು ಡಾಕ್ಟ್ರೇ. ನಂದು. ನನ್ ನಾಯಿ. ಹಾಕಿ.”

ತವೀ ಬಾಗಿಲಾಚೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತ. ಚಾತ್ರಿ ಮಖಾಮನ ತಲೆಯನ್ನು ತನ್ನ ಮೊಣಕೈಯೊಳಗೆ ಇಟ್ಟುಕೊಂಡ. ಕ್ಷಮಿಸು ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹಲ್ಲು ಕಚ್ಚಿ ನುಂಗಿದ. ಆ ಮಾತು ಕೇಳಿ ಕೇಳಿ ನಾಯಿಗಳಿಗೆ ಸಾಕಾಗಿತ್ತು. ದವಡೆ ಮೊದಲು ನಿಂತಿತು, ಆಮೇಲೆ ಕಾಲುಗಳು, ಆಮೇಲೆ ಉಸಿರು.

ಹೊರಗೆ ತವೀ ಮೂಗು ಒರೆಸಿಕೊಳ್ಳುತ್ತಿದ್ದ. ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಬಂದವನನ್ನು ಕಂಡು ಹತ್ತಿರ ಬಂದ.

“ನಿಂಗೆ ದೊಡ್ಡ ಮನಸ್ಸಪ್ಪಾ. ಹೊಣೆ ಎಲ್ಲಾ ನೀನೇ ಹೊತ್ಕೊಂಡೆ. ಆ ಪಾಪ ನಿಂಗೆ ತಟ್ಟಬಾರದು. ಬರೋ ಹುಣ್ಣಿಮೆ ದಿನ ಒಂಬತ್ತು ಭಿಕ್ಷುಗಳನ್ನ ಕರ್ಸಿ, ನಿನ್ ಹೆಸರಲ್ಲಿ ಊಟ...”

“ನನ್ ಹೆಸರಲ್ಲಿ ಏನಾದ್ರೂ ಮಾಡಿದ್ರೆ ಚೆನ್ನಾಗಿರಲ್ಲ ಲುಂಗ್.” ದನಿ ಏರಲಿಲ್ಲ. “ನಿಮ್ಮನೇಲಿ ಸನಿಕೆ ಇದೆಯಾ?”

“ಇದೆ... ಯಾಕೆ? ವಿಹಾರದ ಹಿಂದೆ ಹೂಳ್ತಿದ್ದೆಯಲ್ಲ, ಅಲ್ಲೇ...”

“ಅಲ್ಲಿ ವಿಹಾರದ ನಾಯಿಗಳು ಇವೆ. ಇದು ನನ್ ನಾಯಿ. ಇದಕ್ಕೊಂದು ಮನೆ ಇತ್ತು. ನಡೀರಿ.”

ಸಾಲುಮನೆಯ ಕಾಂಪೌಂಡಿಗೂ ಟೈಲ್ಸಿಗೂ ನಡುವೆ ಒಂದು ಮೊಳ ಮಣ್ಣಿನ ಪಟ್ಟಿ ಬಿಟ್ಟಿದ್ದರು. ಗುಲಾಬಿ ಗಿಡ ನೆಡುವುದಕ್ಕೆಂದು ಲಮೈ ಅದನ್ನು ಹದ ಮಾಡಿಸಿಟ್ಟಿದ್ದಳು. ಕೆಂಪು ಮೆತ್ತೆ, ಹಾರ, ಮೊಟ್ಟೆ ಎಲ್ಲ ಮಾಯವಾಗಿದ್ದವು. ನೆಲ ತೊಳೆದು ಒರೆಸಿತ್ತು. ಬಟ್ಟೆಯ ಗಂಟನ್ನು ಕಂಡು ಅವಳು ಬಾಗಿಲಿಗೆ ಅಡ್ಡ ನಿಂತಳು.

“ಬೇಡ ಕಣೋ ಚಾತ್ರಿ. ನಿಂಗೆ ಕೈಮುಗೀತೀನಿ. ಮಗು ಬರುತ್ತೆ ನಾಡಿದ್ದು. ಬಾಗ್ಲ ಮುಂದೆ ಹೆಣ ಇಟ್ಕೋಬೇಕೇನೋ?”

“ಇಟ್ಕೋಬೇಕು ಪಾ” ಎಂದ ಅವನು.

ಅಕ್ಕಪಕ್ಕದ ಬಾಗಿಲುಗಳಿಂದ ತಲೆಗಳು ಹೊರಬಂದವು. ಪೌಡರ್ ತಿಕ್ಕಿದವರು, ನಂಬರು ಹೊಡೆದವರು. ಯಾರೂ ಹತ್ತಿರ ಬರಲಿಲ್ಲ. ಲಮೈ ಅವರನ್ನೆಲ್ಲ ನೋಡಿದಳು, ಗಂಡನನ್ನು ನೋಡಿದಳು, ಕೂಗಬೇಕೆಂದು ಬಾಯಿ ತೆರೆದಳು. ತವೀ ಆಗ, ಬಹುಶಃ ಮದುವೆಯಾದಾಗಿನಿಂದ ಮೊದಲ ಸಲ, ಹೆಂಡತಿಯನ್ನು ಕೇಳದೆ ಒಂದು ಕೆಲಸ ಮಾಡಿದ. ಒಳಗೆ ಹೋಗಿ ಸನಿಕೆ ತಂದ.

ಚಾತ್ರಿ ಕೈ ಚಾಚಲಿಲ್ಲ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತ. ಮುದುಕ ಸ್ವಲ್ಪ ಹೊತ್ತು ಕಾದು, ಆಮೇಲೆ ತಾನೇ ಬಗ್ಗಿ ತೋಡತೊಡಗಿದ. ಹದವಾದ ಮಣ್ಣು ಮೇಲೆ ಮೇಲೆ ಮಾತ್ರ ಇತ್ತು. ಕೆಳಗೆ ಕಟ್ಟಡದವರು ತುಂಬಿದ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಪ್ರತಿ ಏಟಿಗೂ ಸನಿಕೆ ಕಿಡಿ ಹಾರಿಸಿ ವಾಪಸ್ ಬರುತ್ತಿತ್ತು. ಅವನ ಅಂಗಿ ಬೆನ್ನಿಗೆ ಅಂಟಿತು. ಮಣ್ಣು ಬಿಳಿ ನೆಲದ ಮೇಲೆಲ್ಲ ಹರಡಿತು.

ತವೀ ನಿಂತು, ಸನಿಕೆಗೆ ಒರಗಿ, ಏದುಸಿರು ಬಿಡುತ್ತ ಕೇಳಿದ.

“ಸಾಕೇನಪ್ಪಾ ಇಷ್ಟು?”

ಚಾತ್ರಿ ಗುಂಡಿಯನ್ನು ನೋಡಿದ. ಒಂದು ಮಳೆ ಬಂದರೆ ಹೂತದ್ದು ಮೇಲೇಳುವಷ್ಟೇ ಆಳ.

“ಸಾಲ್ದು” ಎಂದ. “ತೋಡಿ.”